ಮಗಳ ಹಲ್ಲಿನ ಮೇಲಿನ ಮಚ್ಚೆ ಹುಳುಕೋ, ಬೋರ್ ನೀರಿನ ಕಲೆಯೋ? ಕಿತ್ತ ಹಲ್ಲನ್ನು ಲ್ಯಾಬಿಗೆ ಕೊಡಬಹುದಾ?

ಮೇಷ್ಟ್ರು, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ ಗೊತ್ತಿದ್ದವರು ಹೇಳಿ.

ಮಗಳಿಗೆ 13 ವರ್ಷ. ಹಲ್ಲು ಒಂದರ ಮೇಲೊಂದು ಏರಿ ಬಂದಿವೆ, ಕ್ಲಿಪ್ ಹಾಕಿಸಬೇಕು. ಜಾಗ ಮಾಡಲು ಮೇಲೆ ಎರಡು, ಕೆಳಗೆ ಎರಡು ಸಣ್ಣ ದವಡೆ ಹಲ್ಲು ತೆಗೆಯಬೇಕು ಅಂತ ತೀರ್ಮಾನ ಆಗಿದೆ. ಅದರ ಬಗ್ಗೆ ನಮಗೆ ತಕರಾರಿಲ್ಲ. ತಲೆಬಿಸಿ ಆಗಿರುವುದು ಬೇರೆ ವಿಷಯಕ್ಕೆ. ಅವಳ ಮುಂದಿನ ಹಲ್ಲುಗಳ ಮೇಲೆ ಸುಣ್ಣ ತಾಗಿದ ಹಾಗೆ ಬಿಳಿ ಮಚ್ಚೆ ಇವೆ, ಎರಡು ಕಡೆ ಸ್ವಲ್ಪ ಕಂದು ಬಣ್ಣವೂ ಇದೆ. ಮೊದಲು ತೋರಿಸಿದ ಕಡೆ ಸೂಜಿಯಂಥ ಚೂಪು ಉಪಕರಣದಿಂದ ಚುಚ್ಚಿ ಚುಚ್ಚಿ ನೋಡಿ, ಆರು ಹಲ್ಲು ಹುಳುಕಾಗಿವೆ, ಎಲ್ಲಾ ಫಿಲ್ಲಿಂಗ್ ಮಾಡಿಸಿ ಅಂದರು. ಇನ್ನೊಂದು ಕಡೆ ಹೋದರೆ ಇವು ಫ್ಲೋರೈಡ್ ಕಲೆ, ಹುಳುಕಾಗಿರುವುದು ಹಿಂದಿನ ಒಂದು ದವಡೆ ಹಲ್ಲು ಮಾತ್ರ ಅಂದರು. ಅದೇ ಬಾಯಿ, ಅವೇ ಹಲ್ಲು. ಯಾರ ಮಾತು ನಂಬಬೇಕು?

ಹೇಳಲೇಬೇಕಾದ ಒಂದು ಮಾತು. ಅವಳು ಎರಡನೇ ಇಯತ್ತೆ ಮುಗಿಯುವ ತನಕ ಮುಂಡರಗಿ ತಾಲೂಕಿನ ನಮ್ಮ ಹಳ್ಳಿಯಲ್ಲೇ ಬೆಳೆದಳು. ಕುಡಿದದ್ದು ಬೋರ್ ನೀರು. ಆಮೇಲೆ ಹುಬ್ಬಳ್ಳಿಗೆ ಬಂದೆವು, ಈಗ ಮಲಪ್ರಭಾ ನೀರು.

ಇನ್ನೊಂದು. ಹಲ್ಲು ಕೀಳಿಸುವ ಕಡೆ ಒಂದು ಒಪ್ಪಿಗೆ ಪತ್ರ ಕೊಟ್ಟಿದ್ದಾರೆ. ತೆಗೆದ ಹಲ್ಲನ್ನು ಸಂಶೋಧನೆಗೆ ಬಳಸಲು ಸಹಿ ಬೇಕಂತೆ. ನನ್ನ ಹೆಂಡತಿ ಬೇಡ ಅನ್ನುತ್ತಿದ್ದಾಳೆ. ಆ ಹಲ್ಲಿಗೆ ಅಲ್ಲಿ ಏನು ಮಾಡುತ್ತಾರೆ ಅಂತ ಗೊತ್ತಾದರೆ ಅವಳಿಗೂ ಸಮಾಧಾನ, ನನಗೂ ಸಮಾಧಾನ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಸ್ವಲ್ಪ ವಿವರವಾಗಿ ಬರೆದರೂ ತೊಂದರೆ ಇಲ್ಲ. ಆ ಒಂದು ಹುಳುಕು ಹಲ್ಲಿಗೆ ಯಾವ ಸಿಮೆಂಟ್ ಒಳ್ಳೆಯದು ಅನ್ನುವುದನ್ನೂ ಹೇಳಿ.


ಪಿಜಿ ಹುಡುಗಿ, ಧಾರವಾಡ:

ಸರ್ ನಮಸ್ಕಾರ. ನಾನು ಎಂಡಿಎಸ್ (ಹಲ್ಲಿನ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡುತ್ತಿದ್ದೇನೆ, ಹಲ್ಲು ತುಂಬುವ ವಿಭಾಗದಲ್ಲೇ. ಲ್ಯಾಬಿನ ವಿಷಯ ನಾನು ಹೇಳುತ್ತೇನೆ. ಹುಳುಕೋ ಕಲೆಯೋ ಅನ್ನುವುದನ್ನು ಇಲ್ಲಿರುವ ಹಿರಿಯ ಡಾಕ್ಟರುಗಳು ಹೇಳಲಿ.

ಕ್ಲಿಪ್‌ಗೆ ಅಂತ ತೆಗೆದ ಸಣ್ಣ ದವಡೆ ಹಲ್ಲು ಅಂದರೆ ನಮಗೆ ತುಂಬಾ ಬೇಕಾದ ವಸ್ತು. ಯಾಕಂದರೆ ಬೇರೆ ಹಲ್ಲು ಕೀಳುವುದು ಹೆಚ್ಚಾಗಿ ಹಾಳಾದ ಮೇಲೆ. ಇವು ಗಟ್ಟಿ ಇರುವಾಗಲೇ ಸಿಗುತ್ತವೆ. ಕಿತ್ತ ತಕ್ಷಣ ರಕ್ತ, ಮಾಂಸದ ಚೂರು ತೆಗೆದು ತೊಳೆಯುತ್ತೇವೆ. ಒಣಗಲು ಬಿಡುವಂತಿಲ್ಲ, ಒಣಗಿದರೆ ಹಲ್ಲು ಬಿರುಕು ಬಿಡುತ್ತದೆ, ಹಲ್ಲಿನ ಒಳಪದರವಾದ ಡೆಂಟಿನ್ ಬೇರೆ ಥರ ವರ್ತಿಸುತ್ತದೆ. ಶೇಕಡಾ 0.5ರ ಕ್ಲೋರಮೈನ್ ದ್ರಾವಣದಲ್ಲಿ ಹೆಚ್ಚೆಂದರೆ ಒಂದು ವಾರ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಫ್ರಿಜ್ಜಿನೊಳಗೆ. ಐಎಸ್‌ಒ 11405 ಅನ್ನುವ ಮಾನದಂಡ ಹೀಗೆ ಹೇಳುತ್ತದೆ, ಆರು ತಿಂಗಳಿಗಿಂತ ಹಳೆಯ ಹಲ್ಲು ಬಳಸಬೇಡಿ ಅಂತಲೂ ಹೇಳುತ್ತದೆ.

ಆಮೇಲೆ ಪರೀಕ್ಷೆ. ಒಂದು ಬಗೆ ಸೋರಿಕೆ ಪರೀಕ್ಷೆ. ಹಲ್ಲಿನಲ್ಲಿ ಸಣ್ಣ ಗುಳಿ ಕೊರೆದು, ಪರೀಕ್ಷೆ ಮಾಡಬೇಕಾದ ಫಿಲ್ಲಿಂಗ್ ತುಂಬುತ್ತೇವೆ. ಬಾಯಿಯಲ್ಲಿ ಒಮ್ಮೆ ಬಿಸಿ ಚಹಾ, ಒಮ್ಮೆ ಐಸ್‌ಕ್ರೀಮ್ ಬೀಳುತ್ತದಲ್ವಾ, ಅದಕ್ಕೇ 5 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ, 55 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ, ಹೀಗೆ 500 ಸುತ್ತು. ಹಲ್ಲು ಮತ್ತು ಫಿಲ್ಲಿಂಗ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ಅಂಚು ಬಿಡುವುದಿದ್ದರೆ ಬಿಡುತ್ತದೆ. ಮುಂದಿನ ಕೆಲಸ ನನಗೆ ಬಹಳ ಇಷ್ಟ. ಬೇರಿನ ತುದಿ ಮೇಣದಿಂದ ಮುಚ್ಚಿ, ಇಡೀ ಹಲ್ಲಿಗೆ ನೇಲ್ ಪಾಲಿಶ್ ಎರಡು ಸಲ ಬಳಿಯುವುದು, ಫಿಲ್ಲಿಂಗ್ ಸುತ್ತ 1 ಮಿ.ಮೀ. ಮಾತ್ರ ಬಿಟ್ಟು. ಹೌದು ಸರ್, ಅಂಗಡಿಯಲ್ಲಿ ಸಿಗುವ ಅದೇ ನೇಲ್ ಪಾಲಿಶ್, ಗುಂಪಿಗೊಂದು ಬಣ್ಣ. ಆಮೇಲೆ ಮಿಥಿಲೀನ್ ಬ್ಲೂ ಬಣ್ಣದಲ್ಲಿ 24 ಗಂಟೆ ಮುಳುಗಿಸಿ, ತೊಳೆದು, ವಜ್ರದ ಪುಡಿ ಕೂರಿಸಿದ ತೆಳು ಚಕ್ರದಿಂದ ನೀರು ಬಿಡುತ್ತಾ ಸರಿಯಾಗಿ ಎರಡು ಹೋಳು ಮಾಡುತ್ತೇವೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಫಿಲ್ಲಿಂಗಿನ ಪಕ್ಕದಲ್ಲಿ ಸಣ್ಣ ನೀಲಿ ಗೆರೆ ಒಳಗೆ ಇಳಿದಿರುತ್ತದೆ. ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್‌ನಲ್ಲೇ ನಿಂತಿತಾ, ಡೆಂಟಿನ್ ದಾಟಿತಾ, ಗುಳಿಯ ತಳ ಮುಟ್ಟಿತಾ ಅಂತ 0ರಿಂದ 3ರ ತನಕ ಅಂಕ ಕೊಡುತ್ತೇವೆ.

ಇನ್ನೊಂದು ಅಂಟಿನ ಬಲ ಅಳೆಯುವುದು. ಹಲ್ಲನ್ನು ಅಕ್ರಿಲಿಕ್ ಅಚ್ಚಿನಲ್ಲಿ ಕೂರಿಸಿ, ಮೇಲೆ 3 ಮಿ.ಮೀ. ವ್ಯಾಸದ ಪುಟ್ಟ ಕಂಬದ ಹಾಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳದ ಫಿಲ್ಲಿಂಗ್) ಅಂಟಿಸುತ್ತೇವೆ. ಬಲ ಅಳೆಯುವ ಯಂತ್ರ ಡೆಂಟಲ್ ಕಾಲೇಜುಗಳಲ್ಲಿ ಎಲ್ಲಾ ಕಡೆ ಇರುವುದಿಲ್ಲ, ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಡಬ್ಬಿ ಹಿಡಿದುಕೊಂಡು ಹೋಗುತ್ತೇವೆ. ಚಪ್ಪಟೆ ಬ್ಲೇಡ್ ನಿಮಿಷಕ್ಕೆ 1 ಮಿ.ಮೀ. ವೇಗದಲ್ಲಿ ಇಳಿದು ಆ ಕಂಬವನ್ನು ತಳ್ಳುತ್ತದೆ. 140 ನ್ಯೂಟನ್‌ಗೆ ಕಿತ್ತು ಬಂತು ಅಂದುಕೊಳ್ಳಿ, ಅಂಟಿದ ಜಾಗ ಸುಮಾರು 7 ಚದರ ಮಿ.ಮೀ., ಭಾಗಿಸಿದರೆ 20 ಮೆಗಾಪಾಸ್ಕಲ್. ನಿಮ್ಮ ಹತ್ತನೇ ಇಯತ್ತೆ ಮಕ್ಕಳೂ ಮಾಡಬಹುದಾದ ಲೆಕ್ಕ. ಆದರೆ ಅಂಕಿಗಿಂತ ಮುಖ್ಯ ಎಲ್ಲಿ ಮುರಿಯಿತು ಅನ್ನುವುದು. ಅಂಟು ಬಿಟ್ಟಿತಾ, ಫಿಲ್ಲಿಂಗ್ ಒಡೆಯಿತಾ, ಹಲ್ಲೇ ಚೂರಾಯಿತಾ? ಅದನ್ನು ನೋಡದೆ ಬರೀ ಮೆಗಾಪಾಸ್ಕಲ್ ಹೇಳಿದರೆ ಅರ್ಧ ಮಾತು ಹೇಳಿದ ಹಾಗೆ.

ಈಗ ನಿಮ್ಮ ಮಗಳ ಹಲ್ಲಿನ ವಿಷಯ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮೊದಲೇ ಬರೆದಿರುತ್ತೇವೆ: ಹುಳುಕು, ಬಿರುಕು, ಎನಾಮೆಲ್ ದೋಷ, ಫ್ಲೋರೈಡ್ ಕಲೆ ಇರುವ ಹಲ್ಲು ಬೇಡ ಅಂತ. ಹೋಲಿಕೆ ಸರಿಯಾಗಿ ಆಗಲಿ ಅಂತ ಮಾಡುವುದು, ತಪ್ಪಲ್ಲ. ಆದರೆ ಕಂಪನಿಯ ಹಾಳೆಯಲ್ಲಿ ಬರುವ ಅಂಟಿನ ಅಂಕಿ ಸಾಮಾನ್ಯವಾಗಿ ಕಲೆ ಇಲ್ಲದ ಹಲ್ಲಿನದು. ಮುಂಡರಗಿ ಕಡೆಯ ಜನ ಕುರ್ಚಿಯಲ್ಲಿ ಬಂದು ಕೂತಾಗ ಆ ಅಂಕಿ ಅವರಿಗೆ ಹೊಂದುತ್ತದೆ ಅನ್ನುವ ಭರವಸೆ ಇಲ್ಲ. ಕಲೆ ಇರುವ ಎನಾಮೆಲ್‌ನ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ, ಅದರ ಕೆಳಗಿನ ಪದರ ತೂತು ತೂತಾಗಿರುತ್ತದೆ. ಅಂಟು ಹಿಡಿಯಬೇಕಾದರೆ ಆಮ್ಲ ಎನಾಮೆಲ್ ಅನ್ನು ಸಣ್ಣಗೆ ಕೊರೆಯಲೇಬೇಕು. 1955ರಲ್ಲಿ ಅಮೆರಿಕದ ಹಲ್ಲಿನ ಡಾಕ್ಟರ್ ಬ್ಯುನೊಕೋರ್ ಶೇಕಡಾ 85ರ ಫಾಸ್ಫಾರಿಕ್ ಆಮ್ಲ ಬಳಸಿ ತೋರಿಸಿದ್ದು ಅದನ್ನೇ. ಈಗ ಬಳಸುವುದು ಶೇಕಡಾ 37ರ ಜೆಲ್.

ಅದಕ್ಕೇ ಕೇಳಿಕೊಳ್ಳುತ್ತೇನೆ, ದಯವಿಟ್ಟು ಕೊಡಿ. ಕೊಡುವಾಗ ಯಾವ ಊರು, ಎಷ್ಟನೇ ವಯಸ್ಸಿನ ತನಕ ಯಾವ ನೀರು ಅನ್ನುವುದನ್ನು ಬರೆಸಿ. ಆ ಒಂದು ಸಾಲು ಇಲ್ಲದಿದ್ದರೆ ಅದು ಬರೀ ಒಂದು ಹಲ್ಲು. ಆ ಸಾಲು ಇದ್ದರೆ ನಮ್ಮ ಭಾಗದವರಿಗೆ ಉಪಯೋಗ ಆಗುವ ಪ್ರಯೋಗಕ್ಕೆ ಅದು ಬರುತ್ತದೆ. ಹೆಸರು ಎಲ್ಲೂ ಹೋಗುವುದಿಲ್ಲ, ಡಬ್ಬಿಯ ಮೇಲೆ ಬರೀ ನಂಬರ್ ಇರುತ್ತದೆ. ಬೇಡ ಅಂದರೂ ಚಿಕಿತ್ಸೆಗೆ ಏನೂ ತೊಂದರೆ ಆಗಬಾರದು. ಅದು ನಿಮ್ಮ ಹಕ್ಕು, ಅಕ್ಕನಿಗೂ ಹೇಳಿ.


ಹಲ್ಲಿನ ಡಾಕ್ಟರ್, ಹಾವೇರಿ:

ಮೇಷ್ಟ್ರೇ, ಫೋಟೋ ಕೂಡ ಇಲ್ಲದೆ ಇದು ಹುಳುಕು, ಇದು ಅಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಹೋದ ಕಡೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಹೇಳಬಹುದು.

ಮೊದಲು ಆ ಚೂಪು ಉಪಕರಣ. ನಮಗೂ ಮೊದಲು ಹಾಗೇ ಕಲಿಸಿದ್ದು, ಚುಚ್ಚಿ ನೋಡು, ಸಿಕ್ಕಿಕೊಂಡರೆ ಹುಳುಕು ಅಂತ. ಈಗ ಅದನ್ನು ಬಿಡಿ ಅನ್ನುತ್ತಾರೆ. ಹುಳುಕು ಶುರುವಾಗುವ ಹಂತದಲ್ಲಿ ಮೇಲ್ಪದರ ಇನ್ನೂ ಗಟ್ಟಿ ಇರುತ್ತದೆ, ಒಳಗೆ ಖನಿಜ ಕರಗಿರುತ್ತದೆ. ಅಲ್ಲಿ ಚುಚ್ಚಿದರೆ ಆ ಪದರ ಕುಸಿದು, ವಾಪಸ್ ಗಟ್ಟಿಯಾಗಬಹುದಿದ್ದ ಜಾಗದಲ್ಲಿ ನಿಜವಾದ ತೂತು ಬೀಳುತ್ತದೆ. ದವಡೆ ಹಲ್ಲಿನ ಮೇಲಿನ ಗೀರು ಆಳ ಇದ್ದರೂ ಸೂಜಿ ಸಿಕ್ಕಿಕೊಳ್ಳುತ್ತದೆ, ಅದಕ್ಕೂ ಹುಳುಕಿಗೂ ಸಂಬಂಧ ಇಲ್ಲ. ತುದಿಯಲ್ಲಿ 0.5 ಮಿ.ಮೀ. ಗುಂಡು ಇರುವ ಮೊಂಡು ಉಪಕರಣ ಬರುತ್ತದೆ, ಅದನ್ನು ಮೆತ್ತಗೆ ಎಳೆದು ಒರಟೋ ನುಣುಪೋ ಅಂತ ನೋಡಿದರೆ ಸಾಕು.

ನೋಡುವ ರೀತಿ ಹೀಗೆ. ಮೊದಲು ಹಲ್ಲು ಸ್ವಚ್ಛ ಮಾಡಬೇಕು, ಹಲ್ಲಿನ ಮೇಲೆ ಪಾಚಿ ಇದ್ದರೆ ಏನೂ ಕಾಣುವುದಿಲ್ಲ. ಹತ್ತಿ ಇಟ್ಟು, ಒಳ್ಳೆ ಬೆಳಕಿನಲ್ಲಿ ಒದ್ದೆ ಇರುವಾಗ ಒಮ್ಮೆ ನೋಡಿ, ಆಮೇಲೆ 5 ಸೆಕೆಂಡ್ ಗಾಳಿ ಹೊಡೆದು ಇನ್ನೊಮ್ಮೆ ನೋಡಬೇಕು. ನೀವು ವಿಜ್ಞಾನದವರು, ಕಾರಣ ನಿಮಗೆ ಇಷ್ಟ ಆಗುತ್ತದೆ. ಎನಾಮೆಲ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ಖನಿಜ ಕರಗಿ ಆದ ಸಣ್ಣ ತೂತುಗಳಲ್ಲಿ ನೀರು ತುಂಬಿದ್ದಾಗ ವ್ಯತ್ಯಾಸ ಕಡಿಮೆ, ಮಚ್ಚೆ ಕಾಣುವುದಿಲ್ಲ. ಗಾಳಿ ಹೊಡೆದಾಗ ನೀರು ಹೋಗಿ ಗಾಳಿ ತುಂಬುತ್ತದೆ, ಬೆಳಕು ಚದುರಿ ಬಿಳಿ ಕಾಣುತ್ತದೆ. ಒಣಗಿಸಿದಾಗ ಮಾತ್ರ ಕಂಡರೆ ತೀರಾ ಮೊದಲ ಹಂತ. ಒದ್ದೆ ಇದ್ದಾಗಲೇ ಕಂಡರೆ ಇನ್ನೂ ಸ್ವಲ್ಪ ಆಳ. ಐಸಿಡಿಎಎಸ್ ಅನ್ನುವ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ 0ರಿಂದ 6ರ ತನಕ ಅಂಕ ಇದೆ, ಇವೆರಡು ಅದರ 1 ಮತ್ತು 2. ಡೆಂಟಿನ್ ಕಾಣುವ ತೂತು 5 ಮತ್ತು 6. 1, 2ಕ್ಕೆ ಸಾಮಾನ್ಯವಾಗಿ ಕೊರೆಯುವ ಕೆಲಸ ಇಲ್ಲ. ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಶ್, ತಿಕ್ಕುವುದು ಸರಿ ಮಾಡುವುದು, ತಿಂಡಿಯ ನಡುವಿನ ಸಿಹಿ ಕಡಿಮೆ ಮಾಡುವುದು, ಆಮೇಲೆ ಮತ್ತೆ ಕರೆದು ನೋಡುವುದು. ಶೇಂಗಾ ಚಿಕ್ಕಿ ಒಂದೇ ಸಲ ತಿಂದು ಮುಗಿಸಿದರೆ ಒಂದು ಸಲ ಆಮ್ಲ. ದಿನವಿಡೀ ಕಿಸೆಯಿಂದ ಚೂರು ಚೂರು ತೆಗೆದು ತಿಂದರೆ ಬಾಯಿಯ ಪಿಎಚ್ 5.5ಕ್ಕಿಂತ ಕೆಳಗೆ ಹೋಗುತ್ತಲೇ ಇರುತ್ತದೆ, ಎನಾಮೆಲ್ ಕರಗುವುದು ಅಲ್ಲೇ.

ಈಗ ನಮ್ಮ ಭಾಗದ ನಿಜವಾದ ತೊಡಕು. ಫ್ಲೋರೈಡ್ ಕಲೆಯೂ ತೂತು ತೂತಾದ ಎನಾಮೆಲ್ಲೇ, ಒಣಗಿಸಿದರೆ ಅದೂ ಜಾಸ್ತಿ ಬಿಳಿ ಕಾಣುತ್ತದೆ. ಹಾಗಾಗಿ ಬಿಳಿ ಇದೆಯಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಎಲ್ಲಿದೆ ಅಂತ ಕೇಳಬೇಕು. ಹುಳುಕು ಪಾಚಿ ಕೂರುವ ಜಾಗದಲ್ಲಿ ಬರುತ್ತದೆ: ವಸಡಿನ ಅಂಚಿಗೆ, ಎರಡು ಹಲ್ಲು ತಾಗುವ ಸಂದಿಯಲ್ಲಿ, ದವಡೆ ಹಲ್ಲಿನ ಗೀರುಗಳಲ್ಲಿ. ಫ್ಲೋರೈಡ್ ಕಲೆ ಎಡಕ್ಕೂ ಬಲಕ್ಕೂ ಒಂದೇ ಥರ, ಅಡ್ಡ ಗೆರೆ ಗೆರೆಯಾಗಿ ಅಥವಾ ಮೋಡ ಕವಿದಂತೆ ಹರಡಿ, ನಾಲಿಗೆ ತುಟಿ ತಾಗಿ ಸದಾ ಸ್ವಚ್ಛ ಇರುವ ಜಾಗದಲ್ಲೂ ಇರುತ್ತದೆ. ನಿಮ್ಮ ಮಗಳ ವಯಸ್ಸಿನ ಲೆಕ್ಕವೂ ಹೊಂದುತ್ತದೆ. ಮುಂದಿನ ಹಲ್ಲಿನ ಎನಾಮೆಲ್ ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ, ಸಣ್ಣ ದವಡೆ ಹಲ್ಲಿನದು ಆರೇಳಕ್ಕೆ. ಆ ವರ್ಷಗಳೆಲ್ಲಾ ಅವಳು ಬೋರ್ ನೀರು ಕುಡಿದಿದ್ದಾಳೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಫ್ಲೋರೈಡ್ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ. ಗದಗ ಜಿಲ್ಲೆಯ ಎಷ್ಟೋ ಬೋರುಗಳು ಅದನ್ನು ದಾಟಿವೆ, ಮುಂಡರಗಿ ಕಡೆಯಂತೂ ಕೇಳುವುದೇ ಬೇಡ.

ಆದರೆ ಕಲೆ ಇದ್ದ ಹಲ್ಲಿಗೆ ಹುಳುಕು ಬರುವುದಿಲ್ಲ ಅಂತ ಅಂದುಕೊಳ್ಳಬೇಡಿ. ಕಲೆ ತೀವ್ರ ಇದ್ದರೆ ಎನಾಮೆಲ್ ಉದುರಿ ಗುಳಿ ಬಿದ್ದು ಅಲ್ಲೇ ಪಾಚಿ ನಿಲ್ಲುತ್ತದೆ. ಒಂದೊಂದೇ ಹಲ್ಲು ನೋಡಿ ಹೇಳುವವರ ಹತ್ತಿರ ಹೋಗಿ. ಹಿಂದಿನ ಹಲ್ಲುಗಳ ಸಂದಿಗೆ ಕಚ್ಚಿ ಹಿಡಿದು ತೆಗೆಯುವ ಬೈಟ್‌ವಿಂಗ್ ಎಕ್ಸ್‌ರೇ ತೆಗೆಸಿ. ಖನಿಜ ಸಾಕಷ್ಟು ಹೋದ ಮೇಲೇ ಎಕ್ಸ್‌ರೇಯಲ್ಲಿ ಕಪ್ಪು ಕಾಣುವುದು, ಹಾಗಾಗಿ ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತಲೂ ಅಲ್ಲ.


ಬೆಟಗೇರಿ ಅಕ್ಕ:

ಡಾಕ್ಟ್ರೇ, ನಡುವೆ ಬಾಯಿ ಹಾಕುತ್ತೇನೆ. ನನ್ನ ತಂಗಿಯ ಮಗನಿಗೆ ಒಂದು ಕಡೆ ಪೆನ್ನಿನಂಥ ಲೇಸರ್ ಯಂತ್ರ ಹಲ್ಲಿಗೆ ಹಿಡಿದು, ನಂಬರ್ 30ರ ಮೇಲೆ ಬಂದಿದೆ, ಕೊರೆದು ತುಂಬಲೇಬೇಕು ಅಂದರು. ಕಣ್ಣಿಗೆ ನಮಗೆ ಏನೂ ಕಾಣಲಿಲ್ಲ, ಸಂದಿಯಲ್ಲಿ ಸ್ವಲ್ಪ ಕಂದು ಇತ್ತು ಅಷ್ಟೇ. ಯಂತ್ರ ಸುಳ್ಳು ಹೇಳುತ್ತದಾ? ಮತ್ತೆ ನನ್ನ ಬಾಯಲ್ಲಿ ಹಳೇ ಬೆಳ್ಳಿ ಸಿಮೆಂಟ್ ಮೂರು ಇವೆ, ಪಾದರಸ ಇದೆ, ತೆಗೆಸಿಬಿಡಿ ಅಂತ ಒಬ್ಬರು ಹೆದರಿಸಿದ್ದಾರೆ.


ಹಲ್ಲಿನ ಡಾಕ್ಟರ್, ಹಾವೇರಿ:

ಅಕ್ಕಾರೇ, ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಅದು ಹುಳುಕನ್ನು ಅಳೆಯುವುದೂ ಇಲ್ಲ. 655 ನ್ಯಾನೋಮೀಟರಿನ ಕೆಂಪು ಬೆಳಕು ಬಿಟ್ಟು, ವಾಪಸ್ ಬರುವ ಹೊಳಪನ್ನು 0ರಿಂದ 99ರ ತನಕ ಅಂಕಿ ಮಾಡಿ ತೋರಿಸುತ್ತದೆ. ಆ ಹೊಳಪು ಬರುವುದು ಹೆಚ್ಚಾಗಿ ಬ್ಯಾಕ್ಟೀರಿಯಾ ಬಿಟ್ಟ ಪದಾರ್ಥಗಳಿಂದ. ಸಂದಿಯ ಕಂದು ಕಲೆ, ಕಿಟ್ಟ, ಸ್ವಚ್ಛ ಮಾಡಿದಾಗ ಉಳಿದ ಪೇಸ್ಟ್ ಇವೂ ಅಂಕಿ ಏರಿಸುತ್ತವೆ. ಕಣ್ಣಿನಿಂದ, ಎಕ್ಸ್‌ರೇಯಿಂದ ಅನುಮಾನ ಬಂದ ಜಾಗಕ್ಕೆ ಅದು ಒಂದು ಸಾಕ್ಷಿ. ಆರು ತಿಂಗಳ ನಂತರ ಅದೇ ಜಾಗ ಮತ್ತೆ ಅಳೆದು ಏರಿತಾ ಅಂತ ನೋಡಲು ಒಳ್ಳೆಯದು. ಬರೀ ಒಂದು ನಂಬರ್ ನೋಡಿ ಎಳೆ ಹುಡುಗನ ಹಲ್ಲು ಕೊರೆಯಬಾರದು, ಈ ಮಾತು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಒಮ್ಮೆ ಕೊರೆದ ಹಲ್ಲಿಗೆ ಜೀವನವಿಡೀ ಫಿಲ್ಲಿಂಗ್ ಬದಲಿಸುವ ಕೆಲಸ ಶುರುವಾಗುತ್ತದೆ, ಪ್ರತಿ ಸಲವೂ ಗುಳಿ ಸ್ವಲ್ಪ ದೊಡ್ಡದಾಗುತ್ತದೆ.

ಬೆಳ್ಳಿ ಸಿಮೆಂಟ್‌ನಲ್ಲಿ ಅರ್ಧದಷ್ಟು ಪಾದರಸ ಇರುವುದು ನಿಜ. ಪರಿಸರಕ್ಕೆ ಅಂತ 2013ರ ಮಿನಮಾಟ ಅನ್ನುವ ಅಂತಾರಾಷ್ಟ್ರೀಯ ಪಾದರಸ ಒಪ್ಪಂದದಲ್ಲಿ ಅದರ ಬಳಕೆ ಕಡಿಮೆ ಮಾಡಲು ಒಪ್ಪಿದ್ದಾರೆ, ಯುರೋಪ್ ಒಕ್ಕೂಟದಲ್ಲಿ 2025ರಿಂದ ಹೆಚ್ಚುಕಡಿಮೆ ನಿಂತೇ ಹೋಗಿದೆ. ಆದರೆ ಬಾಯಲ್ಲಿ ಗಟ್ಟಿ ಕೂತಿರುವುದನ್ನು ಸುಮ್ನೆ ಕೊರೆದು ತೆಗೆಸಬೇಡಿ, ಪಾದರಸದ ಆವಿ ಜಾಸ್ತಿ ಏಳುವುದೇ ಆಗ. ಅಂಚು ಒಡೆದರೆ, ಪಕ್ಕದಲ್ಲಿ ಹುಳುಕು ಬಂದರೆ ಆಗ ನೋಡೋಣ.


ಪಿಜಿ ಹುಡುಗಿ, ಧಾರವಾಡ:

ಸಿಮೆಂಟ್ ಪ್ರಶ್ನೆ ಉಳಿದಿತ್ತು ಅಲ್ವಾ ಸರ್. ದವಡೆ ಹಲ್ಲಿನ ಕಚ್ಚುವ ಭಾಗ ಅಂದರೆ, ಒಣಗಿಸಿ ಕೆಲಸ ಮಾಡಲು ಆಗುವುದಾದರೆ ಕಾಂಪೋಸಿಟ್. ರಬ್ಬರ್ ಡ್ಯಾಮ್ (ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕುತ್ತೀರಾ ಅಂತ ಧೈರ್ಯವಾಗಿ ಕೇಳಿ. ಕಾಂಪೋಸಿಟ್ ಗಟ್ಟಿಯಾಗುವಾಗ ಶೇಕಡಾ 2-3ರಷ್ಟು ಕುಗ್ಗುತ್ತದೆ, ಅದಕ್ಕೇ 2 ಮಿ.ಮೀ. ಪದರ ಪದರವಾಗಿ ತುಂಬಿ ನೀಲಿ ಬೆಳಕು ಹಿಡಿಯುವುದು. ಕೊನೆಗೆ ಅವಸರ ಮಾಡಿದರೆ ಅಂಚಿನಲ್ಲಿ ಆ ನೀಲಿ ಗೆರೆಯ ಜಾಗವೇ ಹುಟ್ಟುತ್ತದೆ. ಎಂಜಲು ತಡೆಯಲು ಆಗದ ಜಾಗ, ವಸಡಿನ ಕೆಳಗೆ ಇಳಿದ ಹುಳುಕು, ಇನ್ನೂ ಸರಿಯಾಗಿ ಹುಟ್ಟದ ಹಲ್ಲು ಅಂದರೆ ಗ್ಲಾಸ್ ಅಯೋನೊಮರ್ ಅನ್ನುವ ಸಿಮೆಂಟ್. 1972ರಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಲೋಕಕ್ಕೆ ತಿಳಿಸಿದ್ದು. ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆಯುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಅಗಿಯುವ ಒತ್ತಡಕ್ಕೆ ಬೇಗ ಸವೆಯುತ್ತದೆ. ಮಗಳ ಎನಾಮೆಲ್ ಕಲೆ ಇರುವುದು ಅಂತ ಡಾಕ್ಟರಿಗೆ ನೀವೇ ನೆನಪಿಸಿ. ಆಮ್ಲ ಇಡುವ ಹೊತ್ತು ಸ್ವಲ್ಪ ಹೆಚ್ಚು ಮಾಡುವುದೋ, ಅಂಚಿನ ಮೇಲ್ಪದರ ತೆಳ್ಳಗೆ ಉಜ್ಜುವುದೋ ಅವರು ನೋಡಿಕೊಳ್ಳುತ್ತಾರೆ.

ನಮ್ಮ ಲ್ಯಾಬಿನ ಅಂಕಿಯನ್ನೇ ಹಿಡಿದುಕೊಂಡು ಈ ಕಂಪನಿ, ಆ ಕಂಪನಿ ಅಂತ ಜಗಳ ಮಾಡಬೇಡಿ ಅಂತಲೂ ಹೇಳುತ್ತೇನೆ. ಮಿಥಿಲೀನ್ ಬ್ಲೂ ಕಣ ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ಚಿಕ್ಕದು, ಬಣ್ಣ ಒಳಗೆ ಹೋದ ಕಡೆಯೆಲ್ಲಾ ಹುಳುಕು ಹೋಗುವುದಿಲ್ಲ. ಅಚ್ಚಿನಲ್ಲಿ ಕೂತ ಹಲ್ಲಿಗೆ ಎಂಜಲಿಲ್ಲ, ಅಗಿಯುವುದಿಲ್ಲ, ರಾತ್ರಿ ಹಲ್ಲು ಕಡಿಯುವುದಿಲ್ಲ. ತೀರಾ ಕೆಟ್ಟದ್ದನ್ನು ಬಾಯಿಗೆ ಬರುವ ಮೊದಲೇ ತಡೆಯುವುದು ನಮ್ಮ ಕೆಲಸ. ಉಳಿದದ್ದನ್ನು ವರ್ಷಗಟ್ಟಲೆ ರೋಗಿಗಳನ್ನು ಹಿಂಬಾಲಿಸಿ ನೋಡಿದವರೇ ಹೇಳಬೇಕು.

ಮುಂದಿನ ಹಲ್ಲಿನದು ಫ್ಲೋರೈಡ್ ಕಲೆಯೇ ಅಂತಾದರೆ ಅದಕ್ಕೆ ಫಿಲ್ಲಿಂಗ್ ಬೇಡವೇ ಬೇಡ. ಅವಳಿಗೆ ಬೇಸರ ಆಗುತ್ತಿದ್ದರೆ ಕ್ಲಿಪ್ ಬಿಚ್ಚಿದ ಮೇಲೆ, ಮೇಲ್ಪದರ ಸ್ವಲ್ಪವೇ ಉಜ್ಜಿ ತೆಗೆಯುವುದು, ತೂತುಗಳೊಳಗೆ ತೆಳು ರಾಳ ಇಳಿಸುವುದು ಇಂಥ ದಾರಿಗಳಿವೆ, ಕೊರೆಯುವ ಅಗತ್ಯ ಇಲ್ಲ. ಒಂದು ಕೆಲಸ ಮಾತ್ರ ಈಗಲೇ ಮಾಡಿಸಿ: ಕ್ಲಿಪ್ ಹಾಕುವ ಮೊದಲು ಪ್ರತಿ ಹಲ್ಲು ಒಣಗಿಸಿ ಫೋಟೋ. ಕ್ಲಿಪ್ ಸುತ್ತ ಪಾಚಿ ನಿಂತು ಹೊಸ ಬಿಳಿ ಮಚ್ಚೆ ಬರುವುದು ಬಹಳ ಸಾಮಾನ್ಯ. ಹಳೇ ಫೋಟೋ ಇಲ್ಲದಿದ್ದರೆ ಎರಡು ವರ್ಷದ ನಂತರ ಯಾವುದು ಹಳ್ಳಿಯ ನೀರಿನದು, ಯಾವುದು ಕ್ಲಿಪ್ಪಿನದು ಅಂತ ಯಾರಿಗೂ ಹೇಳಲು ಆಗುವುದಿಲ್ಲ.


ಮೇಷ್ಟ್ರು, ಹುಬ್ಬಳ್ಳಿ:

ಇಬ್ಬರಿಗೂ ತುಂಬಾ ಧನ್ಯವಾದ. ಹೆಂಡತಿಗೆ ಓದಿ ಹೇಳಿದೆ. ನೇಲ್ ಪಾಲಿಶ್ ವಿಷಯ ಕೇಳಿ ಮಗಳು ತಾನೇ ಕೊಡುತ್ತೇನೆ ಅಂದಳು. ಸಹಿ ಮಾಡುತ್ತೇವೆ, ಊರು ನೀರು ಎಲ್ಲಾ ಬರೆಯುತ್ತೇವೆ. ವಕ್ರೀಭವನದ ಮಾತು ನನ್ನ ತರಗತಿಗೂ ಉಪಯೋಗ ಆಗುತ್ತದೆ.

ಕೊನೆಯದಾಗಿ ಒಂದು. ಫ್ಲೋರೈಡ್‌ನಿಂದಲೇ ಕಲೆ ಬಂದದ್ದು ಅಂತ ನಾವು ಮನೆಯಲ್ಲಿ ಫ್ಲೋರೈಡ್ ಇಲ್ಲದ ಪೇಸ್ಟ್ ಬಳಸುತ್ತಿದ್ದೇವೆ. ಮುಂದುವರಿಸಬೇಕಾ? ನಾಲ್ಕು ವರ್ಷದ ಮಗ ಇದ್ದಾನೆ, ರಜೆಗೆ ಹಳ್ಳಿಗೆ ಹೋದಾಗ ಅವನಿಗೆ ನೀರು ಕಾಯಿಸಿ ಆರಿಸಿ ಕೊಡುತ್ತೇವೆ.


ಹಲ್ಲಿನ ಡಾಕ್ಟರ್, ಹಾವೇರಿ:

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಮೇಷ್ಟ್ರೇ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಹಳ್ಳಿಗೆ ಹೋದಾಗ ಅವನಿಗೆ ಶುದ್ಧ ನೀರಿನ ಘಟಕದ ಆರ್‌ಒ ನೀರು ಕೊಡಿ, ಅಡುಗೆಗೂ ಅದೇ. ಅವನ ಎನಾಮೆಲ್ ಇನ್ನೂ ದವಡೆಯೊಳಗೆ ತಯಾರಾಗುತ್ತಿದೆ, ಎಂಟು ವರ್ಷದ ತನಕ ಎಚ್ಚರ ಬೇಕು.

ಮಗಳ ಪೇಸ್ಟ್ ಬದಲಿಸಿ. ಅವಳಿಗೆ ಬುದ್ಧಿಹಲ್ಲು ಬಿಟ್ಟು ಉಳಿದ ಎಲ್ಲಾ ಹಲ್ಲಿನ ಎನಾಮೆಲ್ ತಯಾರಾಗಿ ಮುಗಿದಿದೆ, ಇನ್ನು ಪೇಸ್ಟಿನಿಂದ ಅವುಗಳಿಗೆ ಹೊಸ ಕಲೆ ಬರುವುದಿಲ್ಲ. ಕ್ಲಿಪ್ ಹಾಕಿದ ಮೇಲಂತೂ ಸುಮಾರು 1000 ಪಿಪಿಎಂ ಫ್ಲೋರೈಡ್ ಪೇಸ್ಟ್ ಬೇಕೇ ಬೇಕು. ಮಗನಿಗೂ ಅದೇ ಪೇಸ್ಟ್, ಬಟಾಣಿ ಕಾಳಿನಷ್ಟು. ನುಂಗದ ಹಾಗೆ ಪಕ್ಕದಲ್ಲಿ ನಿಂತು ಉಗುಳಿಸಿ.